ಕಾರಿನಲ್ಲಿ ಕೂತಿದ್ದವನಿಗೂ ಕೊಲೆಯ ತೀರ್ಪು: ಅಪೀಲು ಕೋರ್ಟು ಏನು ನೋಡುತ್ತದೆ?

ಪ್ರಶ್ನೆ: ನಾನು ಹಾಸನದ ಕಡೆಯವನು. ಬಹಳ ವರ್ಷದಿಂದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇನೆ, ಈಗ ಇಲ್ಲಿನ ಪ್ರಜೆ. ಕಳೆದ ವರ್ಷ ಸಾಂಟಾ ಕ್ಲಾರಾ ಕೌಂಟಿ ಕೋರ್ಟಿನಲ್ಲಿ ಜ್ಯೂರಿಯಲ್ಲಿ, ಅಂದರೆ ತೀರ್ಪು ಕೊಡುವ ಹನ್ನೆರಡು ಸಾಮಾನ್ಯ ಜನರಲ್ಲಿ ಒಬ್ಬನಾಗಿ, ಕೂರಬೇಕಾಯಿತು. ಮೂವರು ಸೇರಿ ರಾತ್ರಿ ಒಂದು ಅಂಗಡಿಯ ಸುಲಿಗೆಗೆ ಹೋಗಿದ್ದರು. ಇಬ್ಬರು ಒಳಗೆ ಹೋದರು. ಅದರಲ್ಲಿ ಒಬ್ಬ ಗಲ್ಲಾದಲ್ಲಿದ್ದವನಿಗೆ ಗುಂಡು ಹೊಡೆದ, ಆತ ಸತ್ತ. ಮೂರನೆಯವನು ಇಪ್ಪತ್ತರ ಹುಡುಗ, ಹೊರಗೆ ಕಾರಿನಲ್ಲಿ ಕೂತಿದ್ದ. ನಮ್ಮ ಮುಂದೆ ಇದ್ದದ್ದು ಅವನ ವಿಚಾರಣೆ. ಸುಲಿಗೆ ಮತ್ತು ಫಸ್ಟ್ ಡಿಗ್ರಿ (ಅತಿ ಗಂಭೀರ ದರ್ಜೆಯ) ಕೊಲೆ, ಎರಡರಲ್ಲೂ ಅಪರಾಧಿ ಎಂದೆವು. ನಾನು ಮೊದಲು ಒಪ್ಪಿರಲಿಲ್ಲ, ಆಮೇಲೆ ಒಪ್ಪಿದೆ. ಈಗ ಅವನು ಅಪೀಲು ಹಾಕಿದ್ದಾನೆ ಎಂದು ಗೊತ್ತಾಯಿತು. ಕೊಲ್ಲದವನು ಕೊಲೆಗಾರ ಹೇಗಾಗುತ್ತಾನೆ ಅನ್ನೋದು ಇನ್ನೂ ತಲೆಯಿಂದ ಹೋಗಿಲ್ಲ. ಅಪೀಲು ಕೋರ್ಟು ಎಲ್ಲವನ್ನೂ ಮತ್ತೆ ಕೇಳುತ್ತದಾ? ನಮ್ಮನ್ನು ಕರೆಯುತ್ತದಾ? ತೀರ್ಪು ಬಿದ್ದರೆ ನಾವು ತಪ್ಪು ಮಾಡಿದೆವು ಅಂತಲಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ. ಅಪೀಲಿನಲ್ಲಿ ತೀರ್ಪು ಬಿದ್ದರೆ ಹನ್ನೆರಡು ಜನ ತಪ್ಪು ಮಾಡಿದರು ಎಂದು ಅರ್ಥವಲ್ಲ. ಹೆಚ್ಚಿನ ಅಪೀಲುಗಳು ನಡೆಯುವುದು ಜಡ್ಜ್ ಏನು ಹೇಳಿಕೊಟ್ಟರು, ಸರ್ಕಾರಿ ವಕೀಲರು ಏನು ವಾದಿಸಿದರು, ಯಾವ ಸಾಕ್ಷಿಯನ್ನು ಒಳಗೆ ಬಿಟ್ಟರು ಎಂಬುದರ ಮೇಲೆ. ನಿಮಗೆ ಕೊಟ್ಟ ಕಾನೂನನ್ನು ನೀವು ಅನ್ವಯಿಸಿದಿರಿ. ಕೊಟ್ಟ ಕಾನೂನು ಸರಿಯಾಗಿತ್ತಾ, ಅದಕ್ಕೆ ಸಾಕಾಗುವಷ್ಟು ಪುರಾವೆ ಇತ್ತಾ ಎಂದು ನೋಡುವುದು ಮೇಲಿನವರ ಕೆಲಸ.

ಇನ್ನು ಮುಖ್ಯ ಪ್ರಶ್ನೆ. ಕೊಲ್ಲದವನು ಕೊಲೆಗಾರ ಆಗುವುದು 'ಫೆಲನಿ ಮರ್ಡರ್' ಎಂಬ ನಿಯಮದಿಂದ. ಸುಲಿಗೆ, ಮನೆಗೆ ನುಗ್ಗುವುದು, ಬೆಂಕಿ ಹಚ್ಚುವುದು, ಅತ್ಯಾಚಾರದಂಥ ದೊಡ್ಡ ಅಪರಾಧ ನಡೆಯುವಾಗ ಯಾರಾದರೂ ಸತ್ತರೆ, ಕೊಲ್ಲುವ ಉದ್ದೇಶ ಇತ್ತು ಎಂದು ಬೇರೆಯಾಗಿ ಸಾಬೀತು ಮಾಡಬೇಕಿಲ್ಲ. ಆ ದೊಡ್ಡ ಅಪರಾಧದ ಉದ್ದೇಶ ಇದ್ದರೆ ಸಾಕು. ಹಳೆಯ ರೂಪದಲ್ಲಿ ಈ ನಿಯಮ ತುಂಬ ಕಠಿಣ. ಸುಲಿಗೆಯಲ್ಲಿ ಪಾಲಿದ್ದವರೆಲ್ಲ ಕೊಲೆಯಲ್ಲೂ ಪಾಲುದಾರರು. ಗುಂಡು ಕೈತಪ್ಪಿ ಹಾರಿದರೂ ಅಷ್ಟೇ, ಹೊರಗೆ ನಿಂತಿದ್ದರೂ ಅಷ್ಟೇ.

ಇದು ಇಂಗ್ಲೆಂಡಿನ ಹಳೆಯ ಕಾನೂನಿನಿಂದ ಬಂದದ್ದು. ಅಲ್ಲಿ 1957ರಲ್ಲೇ ತೆಗೆದುಹಾಕಿದರು. ಅಮೆರಿಕದ ಹೆಚ್ಚಿನ ರಾಜ್ಯಗಳು ಇಟ್ಟುಕೊಂಡವು. ಹವಾಯಿ ಮತ್ತು ಕೆಂಟಕಿ ಶಾಸನದ ಮೂಲಕ ಬಿಟ್ಟವು, ಮಿಷಿಗನ್‌ನ ಸುಪ್ರೀಂ ಕೋರ್ಟು 1980ರಲ್ಲಿ ಬಿಟ್ಟಿತು. ನಮ್ಮ ದಂಡ ಸಂಹಿತೆಯ ಕರಡು ಬರೆದ ಮೆಕಾಲೆ 1830ರ ದಶಕದಲ್ಲೇ ಈ ನಿಯಮ ಬೇಡ ಎಂದು ವಾದಿಸಿದ್ದ. ಕಳ್ಳತನಕ್ಕೆ ಶಿಕ್ಷೆ ಕಡಿಮೆ ಅನಿಸಿದರೆ ಎಲ್ಲ ಕಳ್ಳರಿಗೂ ಜಾಸ್ತಿ ಮಾಡಿ, ಆಕಸ್ಮಿಕವಾಗಿ ಸಾವು ಸಂಭವಿಸಿದ ಒಬ್ಬನನ್ನು ಮಾತ್ರ ಹಿಡಿದು ಕೊಲೆಗಾರ ಎನ್ನುವುದರಿಂದ ಯಾರ ಜೀವಕ್ಕೂ ಹೆಚ್ಚು ರಕ್ಷಣೆ ಸಿಗದು ಎಂಬುದು ಅವನ ತರ್ಕ. ನನಗೆ ಅದು ಇಂದಿಗೂ ಸರಿಯಾಗಿಯೇ ಕಾಣುತ್ತದೆ.

ಹಾಗಂತ ಊರಿನ ಕಾನೂನು ಮೃದು ಎಂದುಕೊಳ್ಳಬೇಡಿ. ಐದು ಅಥವಾ ಹೆಚ್ಚು ಜನ ಸೇರಿ ದರೋಡೆ ಮಾಡುವಾಗ ಒಬ್ಬ ಕೊಂದರೆ, ಎಲ್ಲರಿಗೂ ಮರಣದಂಡನೆಯವರೆಗೆ ಶಿಕ್ಷೆ ಆಗಬಹುದು. ಮೊದಲು ಅದು ಐಪಿಸಿ 396, ಈಗ ಅದರ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 310ನೇ ಕಲಂನಲ್ಲಿದೆ. ಐದಕ್ಕಿಂತ ಕಡಿಮೆ ಜನರಿದ್ದರೆ 'ಸಮಾನ ಉದ್ದೇಶ'ದ ಕಲಂ ಬರುತ್ತದೆ, ಹಳೆಯ 34. ಇದಕ್ಕೆ ಇವತ್ತಿಗೂ ಎಲ್ಲ ವಕೀಲರೂ ಉಲ್ಲೇಖಿಸುವ ತೀರ್ಪು ಬರೇಂದ್ರ ಕುಮಾರ್ ಘೋಷ್ ಮೊಕದ್ದಮೆಯದು. 1923ರ ಆಗಸ್ಟ್‌ನಲ್ಲಿ ಕಲ್ಕತ್ತಾದ ಶಂಕರಿಟೋಲಾ ಅಂಚೆ ಕಚೇರಿಗೆ ಹಣಕ್ಕಾಗಿ ಕೆಲವರು ನುಗ್ಗಿದರು, ಪೋಸ್ಟ್ ಮಾಸ್ಟರ್ ಗುಂಡಿಗೆ ಸತ್ತರು. ಸಿಕ್ಕಿಬಿದ್ದವನು 'ನಾನು ಹೊರಗೆ ಅಂಗಳದಲ್ಲಿದ್ದೆ, ಹೆದರಿ ನಿಂತಿದ್ದೆ' ಎಂದ. ಆಗ ನಮ್ಮ ಕೊನೆಯ ಅಪೀಲು ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಕಾವಲು ನಿಂತವನೂ ಆ ಕೃತ್ಯದ ಭಾಗವೇ ಎಂದಿತು. ನಿಮ್ಮ ಕೇಸಿನ ಹುಡುಗನ ಪ್ರಶ್ನೆ ಎಷ್ಟು ಹಳೆಯದು ನೋಡಿ.

ಆದರೂ ವ್ಯತ್ಯಾಸ ಇದೆ. ಸಮಾನ ಉದ್ದೇಶದ ಕಲಂ ಹಚ್ಚಬೇಕಾದರೆ ಎಲ್ಲರ ಮನಸ್ಸಿನಲ್ಲೂ ಒಂದೇ ಸಂಕಲ್ಪ ಇತ್ತು ಎಂದು ಸರ್ಕಾರ ತೋರಿಸಬೇಕು. ಹಳೆಯ ಫೆಲನಿ ಮರ್ಡರ್ ನಿಯಮದಲ್ಲಿ ಸುಲಿಗೆಯ ಸಂಕಲ್ಪ ಇದ್ದರೆ ಆಯಿತು, ಕೊಲೆಯ ಬಗ್ಗೆ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ.

ಈ 'ಕೇಳದಿರುವುದು' ಇಡೀ ದೇಶದ ಮಟ್ಟದಲ್ಲಿ ಅಲುಗಾಡಿದ್ದು ಫ್ಲಾರಿಡಾದ ಒಂದು ಅಪೀಲಿನಲ್ಲಿ. ನಿಮ್ಮ ಕೇಸಿಗೆ ಅಷ್ಟು ಹತ್ತಿರದ್ದಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1975ರ ಏಪ್ರಿಲ್ 1ರ ಬೆಳಿಗ್ಗೆ ಹಳ್ಳಿಯ ಕಡೆಯ ಒಂದು ತೋಟದ ಮನೆ. ಅಲ್ಲಿ ವಯಸ್ಸಾದ ಗಂಡ ಹೆಂಡತಿ, ಅವರಿಗೆ 86, ಆಕೆಗೆ 74. ಒಬ್ಬ ಗಂಡಸು, ಒಬ್ಬ ಹೆಂಗಸು ಹಿಂಬಾಗಿಲಿಗೆ ಬಂದು ಕಾರು ಬಿಸಿಯಾಗಿದೆ, ಸ್ವಲ್ಪ ನೀರು ಕೊಡಿ ಎಂದರು. ಅಜ್ಜ ಹೊರಗೆ ಬಂದಾಗ ಹಿಡಿದುಕೊಂಡು ಬಂದೂಕು ತೋರಿಸಿದರು. ಅಜ್ಜಿ ಒಳಗಿಂದ ಬಂದೂಕು ತಂದು ಆ ಹೆಂಗಸಿಗೆ ಗುಂಡು ಹೊಡೆದು ಗಾಯ ಮಾಡಿದರು. ಪ್ರತಿಯಾಗಿ ಬಂದ ಗುಂಡಿಗೆ ಅಜ್ಜ ಅಜ್ಜಿ ಇಬ್ಬರೂ ಸತ್ತರು. ಹಣ ತೆಗೆದುಕೊಂಡು ಬಂದವರು ಓಡಿದರು. ಆ ಹೊತ್ತಿಗೆ ಮನೆಯಿಂದ ಸುಮಾರು 200 ಗಜ ದೂರದಲ್ಲಿ ರಸ್ತೆ ಬದಿ ಒಂದು ಹಳದಿ ಛಾಯೆಯ ದೊಡ್ಡ ಕಾರು ನಿಂತಿದ್ದನ್ನು, ಅದರಲ್ಲಿ ಒಬ್ಬ ಕೂತಿದ್ದನ್ನು ದಾರಿಹೋಕರು ನೋಡಿದ್ದರು. ಆ ಕಾರಿನಲ್ಲಿ ಕಾಯುತ್ತಿದ್ದವನು ಅರ್ಲ್ ಎನ್ಮಂಡ್ ಎಂಬುದು ಸರ್ಕಾರದ ಕೇಸು. ಎರಡು ಫಸ್ಟ್ ಡಿಗ್ರಿ ಕೊಲೆ, ಒಂದು ಸುಲಿಗೆ ಎಂದು ಜ್ಯೂರಿ ತೀರ್ಪು ಕೊಟ್ಟಿತು. ಮರಣದಂಡನೆ ಆಯಿತು. ಫ್ಲಾರಿಡಾದ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅವನು ಸ್ಥಳದಲ್ಲಿದ್ದನೇ, ಕೊಲೆ ಆಗಲಿ ಎಂದು ಬಯಸಿದ್ದನೇ ಎಂಬುದಕ್ಕೆ ನೇರ ಪುರಾವೆ ಇರಲಿಲ್ಲ. ತಪ್ಪಿಸಿಕೊಳ್ಳಲು ಸಹಾಯಕ್ಕೆ ಕಾರಿನಲ್ಲಿ ಇದ್ದ ಎಂದು ಊಹಿಸಲು ಆಧಾರ ಇದೆ, ಅಷ್ಟು ಸಾಕು ಎಂಬುದು ಅವರ ನಿಲುವು.

1982ರ ಜುಲೈನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದು ನಾಲ್ಕರ ಬಹುಮತದಿಂದ ಮರಣದಂಡನೆಯನ್ನು ತೆಗೆದುಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ಕೊಲ್ಲದ, ಕೊಲ್ಲಲು ಪ್ರಯತ್ನಿಸದ, ಕೊಲೆ ಆಗಲಿ ಎಂದು ಉದ್ದೇಶಿಸದ ಒಬ್ಬನನ್ನು ಕೊಂದವನ ಜೊತೆಗೇ ಒಂದೇ ತಕ್ಕಡಿಯಲ್ಲಿ ಇಡಲಾಗದು ಎಂದರು. ತೀರ್ಪಿನಲ್ಲಿ ಒಂದು ಅಂಕಿ ಇದೆ. 1980ರಲ್ಲಿ ದೇಶದಲ್ಲಿ ಅಂದಾಜು 5,48,809 ಸುಲಿಗೆಗಳು ನಡೆದವು, ಸುಲಿಗೆಗೆ ಸಂಬಂಧಿಸಿ ಸತ್ತವರು ಸುಮಾರು 2,361. ಅಂದರೆ ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ. ಸುಲಿಗೆಗೆ ಹೋದವನಿಗೆ ಸಾವು ಖಂಡಿತ ಎಂದು ಗೊತ್ತಿರಲೇಬೇಕು ಅನ್ನೋ ವಾದ ಈ ಅಂಕಿಯ ಮುಂದೆ ನಿಲ್ಲುವುದಿಲ್ಲ, ಅಲ್ವಾ?

ಇಲ್ಲಿ ಒಂದು ವಿಷಯ ಗಮನಿಸಿ. ಬಿದ್ದದ್ದು ಶಿಕ್ಷೆ ಮಾತ್ರ. ಕೊಲೆಯ ಅಪರಾಧಿ ಎಂಬ ತೀರ್ಪು ಹಾಗೆಯೇ ಉಳಿಯಿತು. ಎನ್ಮಂಡ್ ಕೇಸಿನ ಹೆಸರು ಹೇಳಿ 'ಕಾರಿನಲ್ಲಿದ್ದವನು ಕೊಲೆಗಾರನಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ' ಎನ್ನುವವರು ಬಹಳ ಜನ. ಹಾಗೆ ಹೇಳಿಲ್ಲ.

ಐದು ವರ್ಷದ ನಂತರ, 1987ರಲ್ಲಿ, ಅದೇ ಕೋರ್ಟು ಅರಿಜೋನಾದ ಟೈಸನ್ ಸಹೋದರರ ಕೇಸಿನಲ್ಲಿ ಗೆರೆಯನ್ನು ಸ್ವಲ್ಪ ಸರಿಸಿತು. ಆ ಮಕ್ಕಳು ಜೈಲಿಗೆ ಬಂದೂಕು ಸಾಗಿಸಿ ಅಪ್ಪನನ್ನೂ ಇನ್ನೊಬ್ಬ ಕೈದಿಯನ್ನೂ ಹೊರಗೆ ತಂದರು. ದಾರಿಯಲ್ಲಿ ಕಾರು ಕೆಟ್ಟಾಗ ಬೇರೊಂದು ಕುಟುಂಬದ ಕಾರು ನಿಲ್ಲಿಸಿದರು. ಹಿರಿಯರಿಬ್ಬರು ಆ ಕಾರಿನಲ್ಲಿದ್ದ ನಾಲ್ವರನ್ನು ಕೊಂದರು. ಮಕ್ಕಳು ಗುಂಡು ಹಾರಿಸಲಿಲ್ಲ. ಆದರೂ, ಅಪರಾಧದಲ್ಲಿ ದೊಡ್ಡ ಪಾತ್ರ ವಹಿಸಿ, ಜೀವ ಹೋದರೂ ಲೆಕ್ಕಕ್ಕಿಲ್ಲ ಎಂಬಂತೆ ನಡೆದುಕೊಂಡವನಿಗೆ ಕೊಲ್ಲುವ ಉದ್ದೇಶ ಇಲ್ಲದಿದ್ದರೂ ಮರಣದಂಡನೆ ಕೊಡಬಹುದು ಎಂದಿತು ಕೋರ್ಟು.

'ದೊಡ್ಡ ಪಾತ್ರ' ಮತ್ತು 'ಜೀವದ ಬಗ್ಗೆ ಲಕ್ಷ್ಯವೇ ಇಲ್ಲದ ನಡತೆ'. ಈ ಎರಡು ಮಾತು ನಿಮಗೆ ಕೇಳಿದಂತೆ ಅನಿಸಬೇಕು. ನೀವು ಜ್ಯೂರಿ ಕೋಣೆಗೆ ಹೋಗುವ ಮೊದಲು ಜಡ್ಜ್ ಓದಿ ಹೇಳಿದ ಸೂಚನೆಯಲ್ಲಿ ಇದ್ದದ್ದು ಇವೇ. ಮರಣದಂಡನೆಯ ಕೇಸಿನಲ್ಲಿ ಹುಟ್ಟಿದ ಈ ಅಳತೆಗೋಲನ್ನು ಕ್ಯಾಲಿಫೋರ್ನಿಯಾದ ಶಾಸನಸಭೆ 2018ರಲ್ಲಿ ಕೊಲೆಯ ತೀರ್ಪಿಗೇ ತಂದಿತು. ಸೆನೆಟ್ ಬಿಲ್ 1437 ಎಂದು ಅದರ ಹೆಸರು, 2019ರ ಜನವರಿ 1ರಿಂದ ಜಾರಿಗೆ ಬಂತು. ಅಂದಿನಿಂದ ಈ ರಾಜ್ಯದಲ್ಲಿ ಸುಲಿಗೆಯ ನಡುವಿನ ಸಾವಿಗೆ ಕೊಲೆಗಾರ ಎನಿಸಿಕೊಳ್ಳಬೇಕಾದರೆ ಮೂರರಲ್ಲಿ ಒಂದು ಇರಬೇಕು: ಸ್ವತಃ ಕೊಂದಿರಬೇಕು, ಅಥವಾ ಕೊಲ್ಲಿಸುವ ಉದ್ದೇಶದಿಂದ ಕೊಂದವನಿಗೆ ನೆರವಾಗಿರಬೇಕು, ಅಥವಾ ದೊಡ್ಡ ಪಾತ್ರದ ಜೊತೆ ಜೀವದ ಬಗ್ಗೆ ಲಕ್ಷ್ಯವಿಲ್ಲದೆ ನಡೆದುಕೊಂಡಿರಬೇಕು. ಕರ್ತವ್ಯದಲ್ಲಿದ್ದ ಪೊಲೀಸರು ಸತ್ತ ಕೇಸುಗಳಿಗೆ ಬೇರೆ ನಿಯಮ ಉಳಿಸಿಕೊಂಡಿದ್ದಾರೆ.

ಹಾಗಾಗಿ ನಿಮ್ಮ ಹುಡುಗನ ಅಪೀಲು ಈ ಮೂರನೆಯ ದಾರಿಯ ಮೇಲೆಯೇ ನಿಲ್ಲುತ್ತದೆ. 'ಅವನು ಕೊಂದಿಲ್ಲ' ಎಂದು ವಕೀಲರು ನೂರು ಸಲ ಬರೆದರೂ ಪ್ರಯೋಜನವಿಲ್ಲ, ಸರ್ಕಾರವೂ ಅದನ್ನು ಒಪ್ಪುತ್ತದೆ. ವಾದ ಇರುವುದು ಅವನಿಗೆ ಏನು ಗೊತ್ತಿತ್ತು, ಅವನು ಏನು ಮಾಡಿದ, ಏನು ಮಾಡಬಹುದಿತ್ತು ಎಂಬುದರಲ್ಲಿ.

ಇದನ್ನು ಅಳೆಯುವ ಬಗೆಯನ್ನು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು 2015ರ ಬ್ಯಾಂಕ್ಸ್ ಕೇಸಿನಲ್ಲಿ ಹೇಳಿಕೊಟ್ಟಿದೆ. ಅದೂ ಕಾರು ಓಡಿಸಿದವನ ಕೇಸೇ. ಲಾಸ್ ಏಂಜಲಿಸ್‌ನಲ್ಲಿ ಔಷಧಿಗೆಂದು ಗಾಂಜಾ ಮಾರುವ ಒಂದು ಅಂಗಡಿ. ಅವನು ಜೊತೆಗಾರರನ್ನು ಅಲ್ಲಿಗೆ ಬಿಟ್ಟು, ಕೆಲವು ರಸ್ತೆ ಆಚೆ ಕಾದು, ಆಮೇಲೆ ಹತ್ತಿಸಿಕೊಂಡು ಹೊರಟ. ಅಲ್ಲಿನ ಕಾವಲುಗಾರ ಗುಂಡಿಗೆ ಬಲಿಯಾಗಿದ್ದ. ಇವನಿಗೆ ಪರೋಲ್ (ಇಲ್ಲಿ ಅದರರ್ಥ ಷರತ್ತಿನ ಮೇಲೆ ಬಿಡುಗಡೆ) ಇಲ್ಲದ ಜೀವಾವಧಿ. ಸುಪ್ರೀಂ ಕೋರ್ಟು ಒಮ್ಮತದಿಂದ ಆ ಶಿಕ್ಷೆಗೆ ಬೇಕಾದ ನಿರ್ಣಯಕ್ಕೆ ಪುರಾವೆ ಸಾಲದು ಎಂದಿತು. ಯೋಜನೆಯಲ್ಲಿ ಅವನ ಪಾಲೆಷ್ಟು? ಬಂದೂಕು ಒದಗಿಸಿದವನು ಅವನಾ? ಜೊತೆಗಾರರು ಹಿಂದೆ ಹಿಂಸೆ ಮಾಡಿದವರು ಎಂದು ಗೊತ್ತಿತ್ತಾ? ಸ್ಥಳದಲ್ಲಿದ್ದನಾ, ತಡೆಯಬಹುದಿತ್ತಾ? ಗುಂಡು ಹಾರಿದ ಮೇಲೆ ಏನು ಮಾಡಿದ? ಕೋರ್ಟು ಕೇಳಿದ್ದು ಇವನ್ನು. ಆಯುಧ ಇರುವ ಸುಲಿಗೆ ಎಂದು ಗೊತ್ತಿದ್ದ ಮಾತ್ರಕ್ಕೆ ಸಾಲದು, ಸಾವಿನ ಗಂಭೀರ ಅಪಾಯ ಇದೆ ಎಂದು ಅವನಿಗೇ ಅರಿವಿರಬೇಕು ಎಂದಿತು. ಮುಂದಿನ ವರ್ಷ, 2016ರ ಕ್ಲಾರ್ಕ್ ಕೇಸಿನಲ್ಲಿ, ಸುಲಿಗೆಯ ಯೋಜನೆ ಹಾಕಿದವನ ಮೇಲಿನ ಅಂಥದ್ದೇ ನಿರ್ಣಯವನ್ನೂ ತೆಗೆದುಹಾಕಿತು. ಅಂಗಡಿ ಮುಚ್ಚಿದ ಮೇಲೆ ನಡೆಯುವಂತೆ ಯೋಜಿಸಿದ್ದು, ಅಪಾಯ ಕಡಿಮೆ ಮಾಡಲು ನೋಡಿದ್ದು ಅವನ ಪರವಾಗಿ ಎಣಿಕೆಗೆ ಬಂತು.

ನಿಮ್ಮ ಕೇಸಿನ ದಾಖಲೆ ನಾನು ನೋಡಿಲ್ಲ, ಆದರೂ ಯಾವ ಸಾಕ್ಷಿಯ ಸುತ್ತ ಚರ್ಚೆ ನಡೆಯುತ್ತದೆ ಎಂದು ಹೇಳಬಲ್ಲೆ. ಹಿಂದಿನ ದಿನಗಳ ಫೋನ್ ಮೆಸೇಜುಗಳಲ್ಲಿ ಬಂದೂಕಿನ ಮಾತು ಇತ್ತಾ? ಗುಂಡು ಹೊಡೆದವನು ಸಿಟ್ಟಿನವನು, ಮೊದಲೂ ಹೊಡೆದವನು ಎಂದು ಇವನಿಗೆ ತಿಳಿದಿತ್ತಾ? ಗುಂಡಿನ ಸದ್ದು ಕಾರಿಗೆ ಕೇಳಿತಾ, ಕೇಳಿದ ಮೇಲೂ ಕಾದನಾ? ಸತ್ತವನಿಗೆ ಸಹಾಯ ಕರೆಸುವ ಸಾಧ್ಯತೆ ಅವನಿಗೆ ಇತ್ತಾ? ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಹರೆಯದವರಿಗೆ ಅಪಾಯದ ಅಂದಾಜು ಕಡಿಮೆ ಎಂಬುದನ್ನು ಇಲ್ಲಿನ ಅಪೀಲು ಕೋರ್ಟುಗಳು ಈಚಿನ ವರ್ಷಗಳಲ್ಲಿ ಪರಿಗಣಿಸುತ್ತಿವೆ.

ಈಗ ನಿಮ್ಮ ಎರಡನೆಯ ಪ್ರಶ್ನೆ: ಎಲ್ಲವನ್ನೂ ಮತ್ತೆ ಕೇಳುತ್ತದಾ? ಇಲ್ಲ. ಊರಿನಿಂದ ಬಂದವರಿಗೆ ಗೊಂದಲ ಆಗುವುದು ಇಲ್ಲೇ. ಹಾಸನದ ಸೆಷನ್ಸ್ ಕೋರ್ಟು ಕೊಲೆ ಕೇಸಿನಲ್ಲಿ ಶಿಕ್ಷೆ ಕೊಟ್ಟರೆ ಅಪೀಲು ಕರ್ನಾಟಕ ಹೈಕೋರ್ಟಿಗೆ ಬರುತ್ತದೆ. ಅಲ್ಲಿನ ನ್ಯಾಯಮೂರ್ತಿಗಳು ಸಾಕ್ಷಿಗಳ ಹೇಳಿಕೆ, ಪಾಟೀಸವಾಲು, ಮಹಜರು ಎಲ್ಲವನ್ನೂ ತಾವೇ ಓದಿ ತಾವೇ ತೂಗುತ್ತಾರೆ. 'ಈ ಪ್ರತ್ಯಕ್ಷ ಸಾಕ್ಷಿಯನ್ನು ನಂಬಲಾಗದು' ಎಂದು ಬರೆದು ಬಿಡುಗಡೆ ಮಾಡುವ ಅಧಿಕಾರ ಅವರಿಗಿದೆ. ಅಲ್ಲಿ ಕೆಳಗೂ ತೀರ್ಪು ಕೊಟ್ಟವರು ಒಬ್ಬ ಜಡ್ಜ್, ಕಾರಣ ಬರೆದಿರುತ್ತಾರೆ, ಆ ಕಾರಣವನ್ನು ಪರೀಕ್ಷಿಸಬಹುದು.

ಇಲ್ಲಿ ಜ್ಯೂರಿ ಕಾರಣ ಬರೆಯುವುದಿಲ್ಲ. ಸಾಕ್ಷಿಯ ಮುಖ ನೋಡಿ ನಂಬಿದ್ದು, ಬಿಟ್ಟದ್ದು ನೀವು. ಆ ಕೆಲಸವನ್ನು ಅಪೀಲು ಕೋರ್ಟು ನಿಮ್ಮಿಂದ ಕಸಿದುಕೊಳ್ಳುವುದಿಲ್ಲ. 1979ರ ಜಾಕ್ಸನ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹಾಕಿದ ಪರೀಕ್ಷೆ ಹೀಗಿದೆ: ಎಲ್ಲ ಪುರಾವೆಯನ್ನು ಸರ್ಕಾರದ ಪರವಾಗಿ ಓದಿಕೊಂಡರೆ, ವಿವೇಕವುಳ್ಳ ಯಾವುದಾದರೂ ಜ್ಯೂರಿ ಸಂಶಯಕ್ಕೆ ಎಡೆಯಿಲ್ಲದೆ ಈ ತೀರ್ಪಿಗೆ ಬರಬಹುದಿತ್ತಾ? 'ನಾವಾಗಿದ್ದರೆ ಏನು ಮಾಡುತ್ತಿದ್ದೆವು' ಎಂದು ನ್ಯಾಯಮೂರ್ತಿಗಳು ಕೇಳಿಕೊಳ್ಳುವಂತಿಲ್ಲ. ಹಾಗೆ ಪುರಾವೆಯನ್ನು ತಾನೇ ಮರುತೂಗುವ ಅಧಿಕಾರ ವಿಚಾರಣೆ ನಡೆಸಿದ ಜಡ್ಜ್‌ಗೆ ಇತ್ತು, ಹೊಸ ವಿಚಾರಣೆ ಬೇಕು ಎಂದು ಅರ್ಜಿ ಬಂದಾಗ. ಆ ಹಂತ ದಾಟಿಹೋಗಿದೆ.

ಕೆಲಸ ನಡೆಯುವ ರೀತಿ ಸರಳ, ಆದರೆ ನಿಧಾನ. ಶಿಕ್ಷೆ ಆದ 60 ದಿನದೊಳಗೆ ಅಪೀಲಿನ ನೋಟಿಸ್ ಹಾಕಬೇಕು. ಆಮೇಲೆ ಕೋರ್ಟಿನಲ್ಲಿ ಆಡಿದ ಪ್ರತಿ ಮಾತಿನ ಬರಹ ಸಿದ್ಧವಾಗಬೇಕು. ಹಣ ಇಲ್ಲದವನಿಗೆ ಈ ಪ್ರತಿಯೂ ಉಚಿತ, ವಕೀಲರೂ ಉಚಿತ. 1956 ಮತ್ತು 1963ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಎರಡು ತೀರ್ಪುಗಳಿಂದ ಬಂದ ಹಕ್ಕು ಇದು. ಬಡವನ ಅಪೀಲು ಬಡ ಅಪೀಲಾಗಬಾರದು ಎಂಬ ಈ ಹಠ ಅಮೆರಿಕದ ಕಾನೂನಿನಲ್ಲಿ ನಾನು ಅತ್ಯಂತ ಗೌರವಿಸುವ ವಿಷಯ. ಆರೋಪಿಯ ವಕೀಲರು ಮೊದಲ ಬ್ರೀಫ್ (ಬರಹದಲ್ಲಿ ಕೊಡುವ ವಾದ) ಹಾಕುತ್ತಾರೆ, ರಾಜ್ಯದ ಅಟಾರ್ನಿ ಜನರಲ್ ಕಚೇರಿ ಉತ್ತರ ಹಾಕುತ್ತದೆ, ಅದಕ್ಕೆ ಇವರು ಮರುತ್ತರ ಕೊಡುತ್ತಾರೆ. ನಿಮ್ಮ ಕೌಂಟಿಯ ಅಪೀಲುಗಳು ಸಾನ್ ಹೋಸೆಯಲ್ಲಿರುವ ಆರನೇ ಡಿಸ್ಟ್ರಿಕ್ಟ್ ಅಪೀಲು ಕೋರ್ಟಿಗೆ ಹೋಗುತ್ತವೆ. ಮೂವರು ನ್ಯಾಯಮೂರ್ತಿಗಳು ಕೂರುತ್ತಾರೆ. ಹೊಸ ಸಾಕ್ಷಿ ಇಲ್ಲ, ಆರೋಪಿಯ ಮಾತು ಇಲ್ಲ. ವಕೀಲರ ಮೌಖಿಕ ವಾದ ಬಿಟ್ಟರೆ ಎಲ್ಲ ಕಾಗದದ ಮೇಲೆಯೇ.

ಇನ್ನೊಂದು ಕಟ್ಟುನಿಟ್ಟು ಇದೆ. ವಿಚಾರಣೆ ವೇಳೆ ವಕೀಲರು ಎದ್ದುನಿಂತು ಆಕ್ಷೇಪ ಹೇಳದ ವಿಷಯವನ್ನು ಸಾಮಾನ್ಯವಾಗಿ ಅಪೀಲಿನಲ್ಲಿ ಮೊದಲ ಸಲ ಎತ್ತಲಾಗದು. ಪುರಾವೆ ಸಾಲದು ಎಂಬ ವಾದಕ್ಕೆ ಈ ಅಡ್ಡಿ ಇಲ್ಲ. ಹಾಗಾಗಿ ಇಂಥ ಕೇಸುಗಳಲ್ಲಿ ಅದು ಮುಂದಿನ ಸಾಲಿನಲ್ಲಿ ಇರುತ್ತದೆ.

ಎರಡೂ ತೀರ್ಪುಗಳ ಬಲ ಒಂದೇ ಅಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಕೊಲೆಯ ತೀರ್ಪು ನಿಂತಿರುವುದು ಸುಲಿಗೆಯ ತಳಪಾಯದ ಮೇಲೆ. ಸುಲಿಗೆ ಬಿದ್ದರೆ ಕೊಲೆಯೂ ಬೀಳುತ್ತದೆ. ಕೊಲೆ ಬಿದ್ದರೆ ಸುಲಿಗೆಯೂ ಬೀಳಬೇಕೆಂದಿಲ್ಲ. ಆದ್ದರಿಂದ ಒಳ್ಳೆಯ ವಕೀಲರು ಮೊದಲು ಸುಲಿಗೆಯನ್ನೇ ಕೆದಕುತ್ತಾರೆ. ಹೊಡೆದದ್ದು ಕಸಿಯುವುದಕ್ಕಾ, ಅಥವಾ ಬೇರೆ ಜಗಳಕ್ಕೆ ಹೊಡೆದು, ಸತ್ತ ಮೇಲೆ ಜೇಬಿಗೆ ಕೈ ಹಾಕಿದ್ದಾ? ಎರಡನೆಯದಾದರೆ ಅದು ಕಳ್ಳತನ, ಸುಲಿಗೆಯಲ್ಲ. ಸುಲಿಗೆ ಇಲ್ಲದಿದ್ದರೆ ಫೆಲನಿ ಮರ್ಡರ್ ಇಲ್ಲ. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1980ರ ಗ್ರೀನ್ ಕೇಸಿನಲ್ಲಿ ಇದನ್ನು ಸ್ಪಷ್ಟ ಮಾಡಿತು. ನಮ್ಮ ಐಪಿಸಿ 390ರಲ್ಲೂ ಹಿಂಸೆ ಕಳ್ಳತನದ 'ಆ ಉದ್ದೇಶಕ್ಕಾಗಿ' ಇರಬೇಕು ಎಂದೇ ಇತ್ತು.

ಕಾರು ಓಡಿಸಿದವನಿಗೆ ಇನ್ನೊಂದು ಬಾಗಿಲಿದೆ. 1991ರ ಕೂಪರ್ ಕೇಸು, ಅದೂ ಕಾರು ಓಡಿಸಿದವನದೇ. ಕಸಿದ ವಸ್ತುವನ್ನು ಸುರಕ್ಷಿತ ಜಾಗಕ್ಕೆ ಸಾಗಿಸುವವರೆಗೆ ಸುಲಿಗೆ ನಡೆಯುತ್ತಲೇ ಇರುತ್ತದೆ, ಅಷ್ಟರೊಳಗೆ ತಿಳಿದು ಸೇರಿಕೊಂಡವನು ಸುಲಿಗೆಗೆ ಹೊಣೆ ಎಂದಿತು ಕೋರ್ಟು. ಆದರೆ 1997ರ ಪುಲಿಡೊ ಕೇಸಿನಲ್ಲಿ ಅದೇ ಕೋರ್ಟು ಒಂದು ಗೆರೆ ಎಳೆಯಿತು. ಕೊಲೆ ಮುಗಿದ ಮೇಲೆ ಸುಲಿಗೆಗೆ ಸೇರಿಕೊಂಡವನು ಸುಲಿಗೆಗಾರ ಆಗಬಹುದು, ಕೊಲೆಗಾರ ಆಗಲಾರ. 'ಏನೋ ಸಾಮಾನು ತರುತ್ತಾರೆ ಅಂದುಕೊಂಡಿದ್ದೆ, ಓಡಿ ಬಂದಾಗಲೇ ಗೊತ್ತಾಯಿತು' ಎಂದು ಆ ಹುಡುಗ ಹೇಳಿದ್ದರೆ, ಆ ಮಾತನ್ನು ಜ್ಯೂರಿಗೆ ಸರಿಯಾದ ಕಾನೂನಿನ ಜೊತೆ ಇಟ್ಟಿದ್ದರಾ ಎಂಬುದು ದೊಡ್ಡ ಅಂಶವಾಗುತ್ತದೆ. ಮೊದಲೇ ಎಲ್ಲ ಗೊತ್ತಿತ್ತು ಎಂಬುದಕ್ಕೆ ಮೆಸೇಜುಗಳಿದ್ದರೆ ಸುಲಿಗೆಯ ತೀರ್ಪು ಅಲುಗಾಡುವುದು ಕಷ್ಟ.

ವಿಚಾರಣೆಯ ತಪ್ಪುಗಳ ಕಡೆ ಬಂದರೆ, ಇಲ್ಲಿನ ಕ್ರಿಮಿನಲ್ ಅಪೀಲಿನ ಎಷ್ಟೋ ಮೂಲ ನಿಯಮಗಳು ಹುಟ್ಟಿದ್ದೇ ಸುಲಿಗೆಯ ಕೇಸುಗಳಲ್ಲಿ. 1968ರ ಬ್ರೂಟನ್ ಕೇಸು ಒಂದು ಅಂಚೆ ಸುಲಿಗೆಯದು. ಜೊತೆ ಆರೋಪಿ ಪೊಲೀಸರ ಮುಂದೆ ಇವನ ಹೆಸರು ಹೇಳಿ, ಕೋರ್ಟಿನಲ್ಲಿ ಪಾಟೀಸವಾಲಿಗೆ ಸಿಗದಿದ್ದರೆ, ಆ ತಪ್ಪೊಪ್ಪಿಗೆಯನ್ನು ಒಟ್ಟಿಗೆ ನಡೆಯುವ ವಿಚಾರಣೆಯಲ್ಲಿ ಜ್ಯೂರಿಗೆ ಕೇಳಿಸಬಾರದು. 1978ರ ವೀಲರ್ ಕೇಸು ಕಿರಾಣಿ ಅಂಗಡಿಯವರ ಸುಲಿಗೆ ಮತ್ತು ಕೊಲೆಯದು. ಆರೋಪಿಗಳು ಕಪ್ಪು ಜನಾಂಗದವರು. ಸರ್ಕಾರಿ ವಕೀಲರು ಜ್ಯೂರಿಯಿಂದ ಕಪ್ಪು ಜನರನ್ನೆಲ್ಲ ತೆಗೆದುಹಾಕಿದರು. ಪುರಾವೆ ಹೇಗಿದ್ದರೇನು, ಇಂಥ ಜ್ಯೂರಿಯ ತೀರ್ಪು ನಿಲ್ಲದು ಎಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ರದ್ದು ಮಾಡಿತು. ಇಡೀ ದೇಶಕ್ಕೆ ಅಂಥ ನಿಯಮ ಬರಲು ಇನ್ನೂ ಎಂಟು ವರ್ಷ ಬೇಕಾಯಿತು.

ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವುದು 1967ರ ಚಾಪ್‌ಮನ್ ತೀರ್ಪು. ಒಂದು ಬಾರ್‌ನ ನೌಕರನನ್ನು ಸುಲಿಗೆ ಮಾಡಿ, ಎತ್ತಿಕೊಂಡು ಹೋಗಿ, ಕೊಂದ ಕೇಸು. ಆರೋಪಿಗಳಿಬ್ಬರೂ ಸಾಕ್ಷಿ ಕಟಕಟೆ ಹತ್ತಲಿಲ್ಲ. 'ನೋಡಿ, ಬಾಯಿ ಬಿಡುತ್ತಿಲ್ಲ' ಎಂದು ಸರ್ಕಾರಿ ವಕೀಲರು ಜ್ಯೂರಿಗೆ ಮತ್ತೆ ಮತ್ತೆ ಹೇಳಿದರು. ಸುಮ್ಮನಿರುವುದು ಹಕ್ಕು, ಅದನ್ನು ಅವರ ವಿರುದ್ಧ ತಿರುಗಿಸುವುದು ತಪ್ಪು. ಆದರೆ ತಪ್ಪು ನಡೆದರೆ ಪ್ರತಿ ಸಲವೂ ತೀರ್ಪು ಬೀಳಬೇಕಾ? ಹಾಗಲ್ಲ ಎಂದಿತು ಸುಪ್ರೀಂ ಕೋರ್ಟು. ಸಂವಿಧಾನದ ತಪ್ಪು ತೀರ್ಪಿಗೆ ಕಾರಣವಾಗಲಿಲ್ಲ ಎಂದು ಸರ್ಕಾರವೇ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು, ತೋರಿಸಲಾಗದಿದ್ದರೆ ಮಾತ್ರ ರದ್ದು. ಆ ಕೇಸಿನಲ್ಲಿ ತೋರಿಸಲಾಗಲಿಲ್ಲ. ಬರೀ ರಾಜ್ಯ ಕಾನೂನಿನ ತಪ್ಪಾದರೆ ಪರೀಕ್ಷೆ ಇನ್ನೂ ಸಡಿಲ, ಅದನ್ನು ದಾಟುವ ಭಾರ ಆರೋಪಿಯ ಮೇಲೆ.

ನಿಮ್ಮನ್ನು ಕರೆಯುತ್ತಾರಾ ಎಂದು ಕೇಳಿದ್ದೀರಿ. ಅಪೀಲು ಕೋರ್ಟು ಕರೆಯುವುದಿಲ್ಲ. ತೀರ್ಪಾದ ಮೇಲೆ ಜ್ಯೂರಿಗಳ ವಿಳಾಸ, ಫೋನ್ ಎಲ್ಲ ಮುಚ್ಚಿದ ದಾಖಲೆ. ಆರೋಪಿಯ ವಕೀಲರು ಬೇಕೆಂದರೆ ಕೋರ್ಟಿಗೆ ಕಾರಣ ತೋರಿಸಿ ಕೇಳಬೇಕು, ಆಗ ನಿಮಗೆ ತಿಳಿಸುತ್ತಾರೆ, ಬೇಡ ಎನ್ನಲು ನಿಮಗೆ ಅವಕಾಶ ಇದೆ. ಮಾತಾಡುವುದು, ಬಿಡುವುದು ನಿಮ್ಮ ಇಷ್ಟ.

ಮಾತಾಡಿದರೂ ಒಂದು ಗಡಿ ಇದೆ. 'ನಾನು ಮೊದಲು ಒಪ್ಪಿರಲಿಲ್ಲ, ದಣಿದು ಒಪ್ಪಿದೆ, ಈಗ ಮನಸ್ಸು ಒಪ್ಪುತ್ತಿಲ್ಲ' ಎಂಬುದನ್ನು ತೀರ್ಪಿನ ವಿರುದ್ಧ ಪುರಾವೆಯಾಗಿ ಕೋರ್ಟು ತೆಗೆದುಕೊಳ್ಳುವುದಿಲ್ಲ. ಕ್ಯಾಲಿಫೋರ್ನಿಯಾದ ಸಾಕ್ಷ್ಯ ಸಂಹಿತೆಯ 1150ನೇ ಕಲಂ ಜ್ಯೂರಿಯ ಮನಸ್ಸಿನೊಳಗೆ ನಡೆದ ಯೋಚನೆಗೆ ಬಾಗಿಲು ಹಾಕಿದೆ. ಇದು ನಿಮಗೆ ನೋವು ತರಬಹುದು, ಗೊತ್ತು. ಆದರೆ ಈ ಬಾಗಿಲು ತೆರೆದಿದ್ದರೆ ಪ್ರತಿ ತೀರ್ಪಿನ ಮರುದಿನ ಜ್ಯೂರಿಗಳ ಮನೆ ಮುಂದೆ ಎರಡೂ ಕಡೆಯವರು ಸಾಲು ನಿಲ್ಲುತ್ತಿದ್ದರು. ಹೊರಗೆ ನಡೆದ ಕೃತ್ಯದ ಮಾತು ಬೇರೆ. ಯಾರಾದರೂ ಕೇಸಿನ ಬಗ್ಗೆ ಇಂಟರ್ನೆಟ್ಟಿನಲ್ಲಿ ಹುಡುಕಿ ಬಂದು ಕೋಣೆಯಲ್ಲಿ ಹೇಳಿದರಾ, ಯಾರಾದರೂ ಬೆದರಿಸಿದರಾ, ಯಾರಾದರೂ ಆರೋಪಿಯ ಜನಾಂಗ ಹಿಡಿದು 'ಇವರೆಲ್ಲ ಹೀಗೆಯೇ' ಎಂದು ವಾದಿಸಿದರಾ? ಇಂಥದ್ದು ನಡೆದಿದ್ದರೆ ಅದನ್ನು ಹೇಳಬಹುದು, ಹೇಳಬೇಕು ಕೂಡ. ಜನಾಂಗದ ದ್ವೇಷದಿಂದ ಜ್ಯೂರಿ ಸದಸ್ಯರೊಬ್ಬರು ಮತ ಹಾಕಿದ್ದರೆ ಜ್ಯೂರಿ ಕೋಣೆಯ ಗುಟ್ಟಿನ ನಿಯಮ ಅಡ್ಡ ಬರದು ಎಂದು ಅಮೆರಿಕದ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ.

ಫಲಿತಾಂಶ ಏನಾಗಬಹುದು? ಹೆಚ್ಚಿನ ಅಪೀಲುಗಳಲ್ಲಿ ಕೆಳಗಿನ ತೀರ್ಪು ಉಳಿಯುತ್ತದೆ. ಕೊಲೆಯ ತೀರ್ಪಿಗೆ ಪುರಾವೆ ಸಾಲದು ಎಂದಾದರೆ ಅದು ಪೂರ್ತಿ ಮುಗಿದಂತೆ, ಅದೇ ಆರೋಪದ ಮೇಲೆ ಮತ್ತೆ ವಿಚಾರಣೆ ನಡೆಸಲಾಗದು. 1978ರಿಂದ ಅದು ದೃಢವಾದ ನಿಯಮ. ಆಗ ಹುಡುಗ ಮನೆಗೆ ಹೋಗುವುದಿಲ್ಲ, ಸುಲಿಗೆಯ ಶಿಕ್ಷೆ ಅನುಭವಿಸುತ್ತಾನೆ. ಈಗ ಅವನಿಗೆ ಆಗಿರುವ ಕೊಲೆಯ ಶಿಕ್ಷೆ ಕನಿಷ್ಠ 25 ವರ್ಷದಿಂದ ಜೀವಾವಧಿ. ಅದೇ ಸುಲಿಗೆಯ ಮೇಲೆ ಕೊಲೆ ನಿಂತಿದ್ದರೆ ಸುಲಿಗೆಯ ಶಿಕ್ಷೆಯನ್ನು ಸಾಮಾನ್ಯವಾಗಿ ತಡೆಹಿಡಿದಿರುತ್ತಾರೆ, ಒಂದೇ ಕೃತ್ಯಕ್ಕೆ ಎರಡು ಸಲ ದಂಡಿಸಬಾರದು ಎಂದು. ಅಂಗಡಿ ಸುಲಿಗೆಗೆ ಇಲ್ಲಿ ಮೂಲ ಶಿಕ್ಷೆ 2, 3 ಅಥವಾ 5 ವರ್ಷ. ಬಂದೂಕಿನ ಕಾರಣಕ್ಕೆ ಅದರ ಮೇಲೆ ಸೇರಬಹುದು. ಎರಡರ ನಡುವಿನ ಅಂತರ ನೋಡಿದರೆ ಅವನ ವಕೀಲರು ಯಾಕೆ ಇಷ್ಟು ಹೋರಾಡುತ್ತಾರೆ ಎಂದು ಅರ್ಥವಾಗುತ್ತದೆ. ಪುರಾವೆ ಸಾಕು, ಆದರೆ ಸೂಚನೆ ತಪ್ಪಿತ್ತು ಎಂದಾದರೆ ಹೊಸ ಜ್ಯೂರಿಯ ಮುಂದೆ ಹೊಸ ವಿಚಾರಣೆ. ಆ ಜ್ಯೂರಿಯಲ್ಲಿ ನೀವು ಇರುವುದಿಲ್ಲ.

ಅಪೀಲು ಸೋತರೂ ಅವನಿಗೆ ದಾರಿ ಮುಚ್ಚಿಲ್ಲ. ರಾಜ್ಯದ ಸುಪ್ರೀಂ ಕೋರ್ಟನ್ನು ಕೇಳಬಹುದು, ಅವರು ತೆಗೆದುಕೊಳ್ಳುವುದು ಬಹಳ ಕಡಿಮೆ. ಅಪರಾಧ ನಡೆದಾಗ 25 ದಾಟಿರದ ಕಾರಣ, ಪರೋಲ್ ಇರುವ ಶಿಕ್ಷೆಯಾಗಿದ್ದರೆ, ಯುವ ಅಪರಾಧಿಗಳಿಗೆಂದೇ ಇರುವ ಪರೋಲ್ ವಿಚಾರಣೆಯೂ ಸಿಗುತ್ತದೆ.

ಅಪೀಲು ಕೋರ್ಟಿಗೆ ನೀವು ಪತ್ರ ಬರೆಯಬೇಡಿ, ಅದನ್ನು ಯಾರೂ ದಾಖಲೆಗೆ ಸೇರಿಸಲಾಗದು. ಕೇಸಿನ ಹೆಸರು ಗೊತ್ತಿದ್ದರೆ ಕ್ಯಾಲಿಫೋರ್ನಿಯಾ ಅಪೀಲು ಕೋರ್ಟುಗಳ ವೆಬ್‌ಸೈಟಿನಲ್ಲಿ ಹುಡುಕಿ, ಯಾವ ಬ್ರೀಫ್ ಯಾವತ್ತು ಬಂತು ಎಂದು ಕಾಣುತ್ತದೆ. ಮೌಖಿಕ ವಾದದ ದಿನ ನಿಗದಿಯಾದರೆ ಸಾರ್ವಜನಿಕರು ಹೋಗಿ ಕೂರಬಹುದು, ನೀವೂ ಹೋಗಬಹುದು. ಕೇಸು ತೀರ್ಪಿಗೆ ಸಿದ್ಧವಾದ ಮೇಲೆ 90 ದಿನದೊಳಗೆ ನ್ಯಾಯಮೂರ್ತಿಗಳು ಕಾರಣ ಬರೆದ ತೀರ್ಪು ಕೊಡಬೇಕು. ಅದನ್ನು ಓದಿ. ಕಾರಿನಲ್ಲಿ ಕೂತಿದ್ದ ಹುಡುಗನಿಗೆ ಏನು ಗೊತ್ತಿತ್ತು ಎಂಬ ಪ್ರಶ್ನೆಯ ಮೇಲೆ ನೀವು ಮುಚ್ಚಿದ ಕೋಣೆಯಲ್ಲಿ ವಾದಿಸಿದ್ದನ್ನೇ ಆ ಮೂವರು ಸಹಿ ಹಾಕಿ ಬರೆದಿರುತ್ತಾರೆ, ಈ ಕಡೆಗೋ ಆ ಕಡೆಗೋ.